ಬಿಸಿನೆಸ್ ಸ್ಕೂಲ್ ಕಳಿಸಿರುವ ‘ಸಾಧನೆಗಳು’ ಪಟ್ಟಿ: ಯಾವುದಕ್ಕೆ ಎಷ್ಟು ಬೆಲೆ ಕೊಡಬೇಕು?

ನಾಪೋಕ್ಲು ತೋಟದವ

ಎಲ್ಲರಿಗೂ ನಮಸ್ಕಾರ. ಅಣ್ಣನ ಮಗಳಿಗೆ ಯೂರೋಪಿನ ಒಂದು ಇಂಟರ್‌ನ್ಯಾಷನಲ್ ಬಿಸಿನೆಸ್ ಸ್ಕೂಲ್‌ನಲ್ಲಿ ಒಂದು ವರ್ಷದ ಮಾಸ್ಟರ್ಸ್‌ಗೆ ಸೀಟು ಸಿಕ್ಕಿದೆ. ಹುಡುಗಿ ಮೈಸೂರಿನಲ್ಲಿ ಬಿಕಾಂ ಮುಗಿಸಿ ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ರೊಬಸ್ಟಾ ಕಾಫಿಗೆ ಈಚೆಗೆ ಒಳ್ಳೆ ರೇಟು ಬಂದದ್ದರಿಂದ ಅಣ್ಣ ಧೈರ್ಯ ಮಾಡಿದ್ದಾರೆ. ಸಾಲದ್ದಕ್ಕೆ ಬ್ಯಾಂಕ್ ಲೋನ್.

ಸ್ಕೂಲ್‌ನವರು ಒಂದು ದಪ್ಪ ಪಿಡಿಎಫ್ ಕಳಿಸಿದ್ದಾರೆ. ವಿದ್ಯಾರ್ಥಿಗಳ ಸಾಧನೆ, ಪ್ರೊಫೆಸರ್‌ಗಳ ಸಾಧನೆ, ಪುಟಗಟ್ಟಲೆ. ಡೀನ್ಸ್ ಲಿಸ್ಟ್, ಬೀಟಾ ಗಾಮಾ ಸಿಗ್ಮಾ, ಹಲ್ಟ್ ಪ್ರೈಜ್, ಸಿಎಫ್‌ಎ ಚಾಲೆಂಜ್, ‘ಅಂತಾರಾಷ್ಟ್ರೀಯ ಜರ್ನಲ್‌ಗಳಲ್ಲಿ ಪ್ರಬಂಧ’, ‘ವರ್ಷದ ಶ್ರೇಷ್ಠ ಪ್ರೊಫೆಸರ್’. ಅಣ್ಣ ಓದಿ ಖುಷಿಯಾಗಿ ನನ್ನ ಕೈಗೆ ಕೊಟ್ಟರು, ‘ನೀನೊಂದು ಸಲ ನೋಡು’ ಅಂತ. ನನಗೆ ಕಾಫಿ ಗೊತ್ತು. ಗೋಣಿಕೊಪ್ಪದ ವ್ಯಾಪಾರಿ ಚೆರಿ (ಒಣಗಿಸಿದ ಕಾಫಿ ಹಣ್ಣು) ಚೀಲದಿಂದ ಒಂದು ಹಿಡಿ ತೆಗೆದು, ಸಿಪ್ಪೆ ಬಿಡಿಸಿ, ಬೀಜ ತೂಗಿ ಔಟ್‌ಟರ್ನ್ ಹೇಳುತ್ತಾನೆ. 50 ಕೆಜಿ ಚೆರಿಗೆ 26 ಕೆಜಿ ಬೀಜ ಬರುತ್ತದೋ 28 ಬರುತ್ತದೋ ಅನ್ನುವುದರ ಮೇಲೆ ರೇಟು. ಈ ಪಿಡಿಎಫ್‌ನ ಔಟ್‌ಟರ್ನ್ ನೋಡುವುದು ಹೇಗೆ? ಗೊತ್ತಿದ್ದವರು ಹೇಳಿ.

ಸೋಮವಾರಪೇಟೆ ಹುಡುಗ

ಎಲ್ಲಾ ಮಾರ್ಕೆಟಿಂಗ್ ಸರ್. ಸುಮ್ನೆ ಫೈನಾನ್ಶಿಯಲ್ ಟೈಮ್ಸ್ ಪತ್ರಿಕೆಯ ರ‍್ಯಾಂಕಿಂಗ್‌ನಲ್ಲಿ ಹೆಸರಿದೆಯಾ ನೋಡಿ. ಇದ್ದರೆ ಕಳಿಸಿ, ಇಲ್ಲದಿದ್ದರೆ ಬೇಡ.

ಪೊನ್ನಂಪೇಟೆ ಮಳೆ

ಅಣ್ಣಾ, ಇದು ನನ್ನ ಹಳೇ ಉದ್ಯೋಗ. ಊರಿಗೆ ವಾಪಸ್ ಬಂದು ತೋಟ ನೋಡಿಕೊಳ್ಳುವ ಮೊದಲು ಸಿಂಗಪುರದ ಒಂದು ಬಿಸಿನೆಸ್ ಸ್ಕೂಲ್‌ನ ಆಫೀಸಿನಲ್ಲಿದ್ದೆ. ಇಂಥ ಪುಟ ತುಂಬಿಸುವುದಕ್ಕೇ ನನಗೆ ಸಂಬಳ. ತಿಂಗಳ ಕೊನೆಗೆ ಪ್ರತಿ ಡಿಪಾರ್ಟ್‌ಮೆಂಟಿಗೂ ಮೇಲ್ ಹೋಗುತ್ತಿತ್ತು, ‘ಏನಾದರೂ ಇದೆಯಾ?’ ಅಂತ. ಏನೂ ಇಲ್ಲದ ತಿಂಗಳಲ್ಲಿ ಯಾರೋ ಒಂದು ಸಭೆಯಲ್ಲಿ ವೇದಿಕೆ ಮೇಲೆ ಕೂತದ್ದೂ ಸಾಧನೆ ಆಗುತ್ತಿತ್ತು. ಹಾಗಂತ ಅದರಲ್ಲಿ ಸುಳ್ಳು ಇರುತ್ತಿರಲಿಲ್ಲ, ನಮ್ಮ ಮೇಲಿನವರು ಬಿಡುತ್ತಿರಲಿಲ್ಲ. ದೊಡ್ಡದು ಸಣ್ಣದು ಎಲ್ಲವೂ ಒಂದೇ ಸೈಜಿನ ಅಕ್ಷರದಲ್ಲಿ ಅಚ್ಚಾಗುತ್ತಿತ್ತು, ಅಷ್ಟೇ.

ನಾನಾದರೆ ಪ್ರತಿ ಸಾಲಿನ ಮುಂದೆಯೂ ಒಂದೇ ಮಾತು ಕೇಳುತ್ತೇನೆ: ಇದನ್ನು ಕೊಟ್ಟವರು ಯಾರು, ಅವರಿಗೆ ‘ಕೊಡಲ್ಲ’ ಅನ್ನುವ ಅವಕಾಶ ಇತ್ತಾ?

ಡೀನ್ಸ್ ಲಿಸ್ಟ್ ಅಂದರೆ ಹೆಚ್ಚು ಅಂಕ ತೆಗೆದವರ ಪಟ್ಟಿ, ಶಾಲೆಯವರೇ ತಮ್ಮ ಮಕ್ಕಳಿಗೆ ಕೊಡುವುದು. ಆ ಮಕ್ಕಳು ಓದಿರುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ರತಿ ಶಾಲೆಯಲ್ಲೂ ಯಾರಾದರೂ ಮೊದಲು ಬಂದೇ ಬರುತ್ತಾರೆ. ಅದರಿಂದ ಶಾಲೆಯ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಬೀಟಾ ಗಾಮಾ ಸಿಗ್ಮಾ 1913ರಲ್ಲಿ ಅಮೆರಿಕದಲ್ಲಿ ಶುರುವಾದ ಸಂಘ. ಮಾಸ್ಟರ್ಸ್‌ನಲ್ಲಿ ಮೇಲಿನ ಶೇ. 20ರೊಳಗೆ ಇದ್ದವರನ್ನು ಸೇರಿಸಿಕೊಳ್ಳುತ್ತಾರೆ. ಐದಕ್ಕೆ ಒಬ್ಬರು ಅಂದ ಹಾಗಾಯಿತು. ಆದರೆ ಅದು ಎಎಸಿಎಸ್‌ಬಿ ಮಾನ್ಯತೆ ಇರುವ ಶಾಲೆಗಳಲ್ಲಿ ಮಾತ್ರ ಇರುತ್ತದೆ. ಆದ್ದರಿಂದ ಆ ಸಾಲಿನಲ್ಲಿ ನಿಮಗೆ ಉಪಯೋಗಕ್ಕೆ ಬರುವ ಸುದ್ದಿ ಮಕ್ಕಳದ್ದಲ್ಲ, ಶಾಲೆಗೆ ಆ ಮಾನ್ಯತೆ ಇದೆ ಅನ್ನುವುದು.

ಮಾನ್ಯತೆ ಅಂದೆ, ಅದನ್ನೂ ಹೇಳಿಬಿಡುತ್ತೇನೆ. ಬಿಸಿನೆಸ್ ಸ್ಕೂಲ್‌ಗಳನ್ನು ಹೊರಗಿನಿಂದ ಪರೀಕ್ಷಿಸಿ ಕೊಡುವ ಮಾನ್ಯತೆಗಳಲ್ಲಿ ಮೂರು ಹೆಸರು ನೆನಪಿಟ್ಟುಕೊಳ್ಳಿ. ಎಎಸಿಎಸ್‌ಬಿ ಅಮೆರಿಕದ್ದು, 1916ರಿಂದ ಇದೆ. ಈಕ್ವಿಸ್ ಬ್ರಸೆಲ್ಸ್‌ನಲ್ಲಿರುವ ಇಎಫ್‌ಎಂಡಿ ಅನ್ನುವ ಸಂಸ್ಥೆಯದು. ಆಂಬಾ ಲಂಡನ್ನಿನದು, ಅದು ಎಂಬಿಎ ಥರದ ಕೋರ್ಸುಗಳನ್ನು ನೋಡುತ್ತದೆ. ಮೂರೂ ಇದ್ದರೆ ಟ್ರಿಪಲ್ ಕ್ರೌನ್ ಅನ್ನುತ್ತಾರೆ. ನಮ್ಮ ದೇಶದಲ್ಲಿ ಐಐಎಂ ಕಲ್ಕತ್ತಾ, ಹೈದರಾಬಾದಿನ ಐಎಸ್‌ಬಿ ಅಂಥವಕ್ಕೆ ಇದೆ. ಹೊರಗಿನವರು ಬಂದು, ಕಡತ ತೆಗೆಸಿ, ಪಾಠ ಮಾಡುವವರ ಓದು ಎಷ್ಟು ಅಂತ ಲೆಕ್ಕ ಹಾಕಿ, ಕೆಲವು ವರ್ಷಕ್ಕೊಮ್ಮೆ ಮತ್ತೆ ನೋಡುತ್ತಾರೆ. ನಮ್ಮ ಆಫೀಸಿನಲ್ಲಿ ಎಲ್ಲರೂ ನಿಜವಾಗಿ ಹೆದರುತ್ತಿದ್ದದ್ದು ಆ ಭೇಟಿಗೆ ಮಾತ್ರ.

ಇನ್ನು ಪ್ರೊಫೆಸರ್‌ಗಳು. ‘ಅಂತಾರಾಷ್ಟ್ರೀಯ ಜರ್ನಲ್’ ಅನ್ನುವುದಕ್ಕೆ ಅರ್ಥವೇ ಇಲ್ಲ. ದುಡ್ಡು ಕಟ್ಟಿದರೆ ವಾರದಲ್ಲಿ ಅಚ್ಚು ಹಾಕುವ ಜರ್ನಲ್ಲೂ ಅಂತಾರಾಷ್ಟ್ರೀಯವೇ. ಜರ್ನಲ್‌ನ ಹೆಸರು ಬರೆದಿದ್ದಾರಾ ನೋಡಿ. ಹೆಸರು ಸಿಕ್ಕರೆ ಆಸ್ಟ್ರೇಲಿಯಾದ ಬಿಸಿನೆಸ್ ಡೀನ್‌ಗಳ ಮಂಡಳಿ ಮಾಡಿರುವ ಜರ್ನಲ್‌ಗಳ ಪಟ್ಟಿಯಲ್ಲಿ (ಎಬಿಡಿಸಿ ಪಟ್ಟಿ) ಹುಡುಕಿ. ಅದರಲ್ಲಿ ಎ-ಸ್ಟಾರ್, ಎ, ಬಿ, ಸಿ ಅಂತ ನಾಲ್ಕು ದರ್ಜೆ. ಫೈನಾನ್ಶಿಯಲ್ ಟೈಮ್ಸ್‌ನವರು ಸಂಶೋಧನೆ ಅಳೆಯಲು ಬಳಸುವ 50 ಜರ್ನಲ್‌ಗಳ ಪಟ್ಟಿ ಇನ್ನೂ ಬಿಗಿ. ಅಕಾಡೆಮಿ ಆಫ್ ಮ್ಯಾನೇಜ್‌ಮೆಂಟ್ ಜರ್ನಲ್, ಜರ್ನಲ್ ಆಫ್ ಫೈನಾನ್ಸ್ ಅಂಥವು. ಅಲ್ಲಿಗೆ ಕಳಿಸಿದ ಬಹುಪಾಲು ಪ್ರಬಂಧ ವಾಪಸ್ ಬರುತ್ತವೆ. ಒಪ್ಪಿಕೊಂಡರೂ ತಿದ್ದಿ ತಿದ್ದಿ ವರ್ಷಗಳೇ ಕಳೆಯುತ್ತವೆ. ನಮ್ಮಲ್ಲಿ ಒಬ್ಬರು ಮೇಡಂ ಇದ್ದರು. ಸಾಧನೆ ಪಟ್ಟಿಯಲ್ಲಿ ಅವರದ್ದು ಯಾವಾಗಲೂ ಒಂದೇ ಸಾಲು, ಆದರೆ ಇಂಥ ಜರ್ನಲ್‌ನದು. ಪಕ್ಕದ ಸಾರ್‌ದು ಅರ್ಧ ಪುಟ. ಸಂಬಳ ಯಾರಿಗೆ ಜಾಸ್ತಿ ಅಂತ ಹೇಳಬೇಕಾಗಿಲ್ಲ.

ಒಳ್ಳೆ ಕೆಲಸಕ್ಕೆ ಮರ್ಯಾದೆ ಸಿಗುವುದು ಎಷ್ಟು ನಿಧಾನ ನೋಡಿ. ಶಿಕಾಗೋ ಬೂತ್ ಶಾಲೆಯ ಡಗ್ಲಸ್ ಡೈಮಂಡ್ ಅವರಿಗೆ 2022ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಜನ ಗಾಬರಿಯಿಂದ ಒಟ್ಟಿಗೆ ದುಡ್ಡು ತೆಗೆಯಲು ಹೋದರೆ ಗಟ್ಟಿ ಬ್ಯಾಂಕೂ ಯಾಕೆ ಬೀಳುತ್ತದೆ ಅನ್ನುವ ವಿಷಯ. ಫಿಲಿಪ್ ಡಿಬ್‌ವಿಗ್ ಜೊತೆ ಆ ಪ್ರಬಂಧ ಬರೆದದ್ದು 1983ರಲ್ಲಿ. ‘ವರ್ಷದ ಶ್ರೇಷ್ಠ ಪ್ರೊಫೆಸರ್’ ಪ್ರಶಸ್ತಿಗೆ ಅಷ್ಟು ಕಾಯಬೇಕಿಲ್ಲ. ಯಾವುದೋ ಹೋಟೆಲಿನಲ್ಲಿ ಸಮಾರಂಭ ಮಾಡಿ, ಟೇಬಲ್‌ಗೆ ಇಷ್ಟು ಅಂತ ದುಡ್ಡು ಇಸ್ಕೊಂಡು ಕೊಡುವವರಿದ್ದಾರೆ. ನಮಗೂ ಅಂಥ ಮೇಲ್‌ಗಳು ಬರುತ್ತಿದ್ದವು. ಅದೇ ಶಾಲೆಯ ವಿದ್ಯಾರ್ಥಿಗಳು ವೋಟು ಹಾಕಿ ಕೊಟ್ಟ ಟೀಚಿಂಗ್ ಅವಾರ್ಡ್ ಆದರೆ ಬೇರೆ ಮಾತು. ಹೊರಗೆ ಯಾರಿಗೂ ಗೊತ್ತಿರುವುದಿಲ್ಲ, ಆದರೆ ನಿಮ್ಮ ಹುಡುಗಿಗೆ ನೊಬೆಲ್‌ಗಿಂತ ಅದೇ ಮುಖ್ಯ. ನೊಬೆಲ್‌ನವರು ಅವಳ ಕ್ಲಾಸಿಗೆ ಬರುತ್ತಾರೋ ಇಲ್ಲವೋ ಯಾರಿಗೆ ಗೊತ್ತು.

ಸೋಮವಾರಪೇಟೆ ತಮ್ಮಾ, ರ‍್ಯಾಂಕಿಂಗ್ ನೋಡಲಿ, ಬೇಡ ಅನ್ನಲ್ಲ. ಆದರೆ ಫೈನಾನ್ಶಿಯಲ್ ಟೈಮ್ಸ್‌ನ ಎಂಬಿಎ ರ‍್ಯಾಂಕಿಂಗ್‌ನಲ್ಲಿ ಓದು ಮುಗಿದು ಮೂರು ವರ್ಷ ಆದವರ ಸಂಬಳಕ್ಕೆ ಜಾಸ್ತಿ ತೂಕ. ಈ ಹುಡುಗಿ ಹೋಗುತ್ತಿರುವುದು ಎಂಬಿಎಗೆ ಅಲ್ಲ.

ಕುಶಾಲನಗರ–ಮಿಲಾನ್

ವಿದ್ಯಾರ್ಥಿಗಳ ಸ್ಪರ್ಧೆ ಬಗ್ಗೆ ನಾನು ಹೇಳಬಲ್ಲೆ. ಹಲ್ಟ್ ಪ್ರೈಜ್ ಅಂದರೆ ಸಮಾಜಕ್ಕೆ ಉಪಯೋಗವಾಗುವ ಬಿಸಿನೆಸ್ ಐಡಿಯಾಗಳ ಸ್ಪರ್ಧೆ, ಕೊನೆಯಲ್ಲಿ ಗೆದ್ದ ತಂಡಕ್ಕೆ 10 ಲಕ್ಷ ಡಾಲರ್. ಆದರೆ ಅದು ಶುರುವಾಗುವುದು ಕಾಲೇಜಿನೊಳಗಿನ ಸುತ್ತಿನಿಂದ. ಆ ಸುತ್ತಿನಲ್ಲಿ ಗೆದ್ದವರೂ ‘ಹಲ್ಟ್ ಪ್ರೈಜ್ ವಿಜೇತರು’ ಅಂತ ಹಾಕಿಕೊಳ್ಳುತ್ತಾರೆ. ಯಾವ ಸುತ್ತು ಅಂತ ಕೇಳಿ ಸರ್.

ಸಿಎಫ್‌ಎ ರಿಸರ್ಚ್ ಚಾಲೆಂಜ್‌ಗೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ. ಹೂಡಿಕೆ ಅನಲಿಸ್ಟ್‌ಗಳ ಸಂಸ್ಥೆ ಸಿಎಫ್‌ಎ ಇನ್‌ಸ್ಟಿಟ್ಯೂಟ್ ನಡೆಸುವ ಸ್ಪರ್ಧೆ ಅದು. ಒಂದು ಲಿಸ್ಟೆಡ್ ಕಂಪನಿ ಕೊಡುತ್ತಾರೆ. ಅದರ ಲೆಕ್ಕಪತ್ರ ಪೂರ್ತಿ ಓದಿ, ಷೇರು ಕೊಳ್ಳಬೇಕಾ ಮಾರಬೇಕಾ ಅಂತ ವರದಿ ಬರೆಯಬೇಕು. ಆಮೇಲೆ 10 ನಿಮಿಷ ಮಾತು, 10 ನಿಮಿಷ ಪ್ರಶ್ನೆ. ಪ್ರಶ್ನೆ ಕೇಳುವವರು ಆ ಕೆಲಸವನ್ನೇ ಮಾಡುವ ಅನಲಿಸ್ಟ್‌ಗಳು, ನಮ್ಮ ಮೇಷ್ಟ್ರಲ್ಲ. ನಮ್ಮ ತಂಡ ಮೊದಲ ಸುತ್ತಿನಲ್ಲೇ ಹೊರಗೆ ಬಂತು. ಆದರೆ ಇಂಟರ್‌ವ್ಯೂಗಳಲ್ಲಿ ನನ್ನನ್ನು ಅದರ ಬಗ್ಗೆಯೇ ಕೇಳಿದರು. ಡೀನ್ಸ್ ಲಿಸ್ಟ್ ಬಗ್ಗೆ ಯಾರೂ ಕೇಳಲಿಲ್ಲ.

ಮಡಿಕೇರಿ ಮೇಷ್ಟ್ರು

ಸ್ವಲ್ಪ ವಿಷಯದಿಂದ ಆಚೆಗಿನ ಮಾತು. ಮುಂದೆ ಇಲ್ಲಿ ಪಿಎಚ್‌ಡಿ, ಲೆಕ್ಚರರ್ ಕೆಲಸ ಅಂತ ಆಸೆ ಇದ್ದರೆ ಒಂದು ವರ್ಷದ ಡಿಗ್ರಿ ಇಲ್ಲಿನ ಮಾಸ್ಟರ್ಸ್‌ಗೆ ಸಮ ಅಂತ ಒಪ್ಪುತ್ತಾರಾ ನೋಡಿಕೊಳ್ಳಿ. ಬ್ರಿಟನ್‌ನ ಒಂದು ವರ್ಷದ ಮಾಸ್ಟರ್ಸ್ ಬಗ್ಗೆ 2022ರ ಜುಲೈನಲ್ಲಿ ಎರಡೂ ದೇಶಗಳ ನಡುವೆ ಒಪ್ಪಂದ ಆಗಿದೆ. ಬೇರೆ ದೇಶದ್ದಾದರೆ ಯುಜಿಸಿ 2025ರಲ್ಲಿ ತಂದ ನಿಯಮ ಓದಿ. ಕಂಪನಿ ಕೆಲಸಕ್ಕೆ ಇದು ಬೇಕಾಗಿಲ್ಲ.

ನಾಪೋಕ್ಲು ತೋಟದವ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಗಳು ಕೂತು ನೋಡಿದಳು. ಈಕ್ವಿಸ್ ಇದೆ, ಎಎಸಿಎಸ್‌ಬಿ ಇದೆ. ಹಲ್ಟ್ ಪ್ರೈಜ್ ಕಾಲೇಜಿನೊಳಗಿನ ಸುತ್ತೇ. ಎಬಿಡಿಸಿ ಪಟ್ಟಿಯಲ್ಲಿ ಎ-ಸ್ಟಾರ್ ಇರುವ ಪ್ರಬಂಧಗಳು ಕೆಲವಿವೆ, ಆದರೆ ಹೆಚ್ಚಿನವು ಇಬ್ಬರೇ ಪ್ರೊಫೆಸರ್‌ಗಳವು. ಇನ್ನೊಂದು ಪುಟದಲ್ಲಿ ‘ಶೇ. 95 ಉದ್ಯೋಗ’ ಅಂತ ದೊಡ್ಡದಾಗಿ ಇದೆ. ಅದೂ ಸಾಧನೆ ಲೆಕ್ಕಕ್ಕೆ ಸೇರುತ್ತದಾ?

ಪೊನ್ನಂಪೇಟೆ ಮಳೆ

ಎರಡು ಮಾನ್ಯತೆ ಇದ್ದರೆ ಶಾಲೆ ಗಟ್ಟಿಯೇ ಅಣ್ಣಾ, ಆ ಚಿಂತೆ ಬಿಡಿ. ಆ ಇಬ್ಬರು ಪ್ರೊಫೆಸರ್‌ಗಳು ಈ ಕೋರ್ಸಿಗೆ ಪಾಠ ಮಾಡುತ್ತಾರಾ, ಇಲ್ಲ ವಾರದ ಮಟ್ಟಿಗೆ ಬಂದುಹೋಗುವ ವಿಸಿಟಿಂಗ್‌ನವರಾ ಅಂತ ಮೇಲ್ ಹಾಕಿ ಕೇಳಲಿ. ನೇರವಾಗಿ ಕೇಳಿದರೆ ಉತ್ತರ ಕೊಡುತ್ತಾರೆ.

ಶೇ. 95 ಅನ್ನುವುದು ಯಾರಲ್ಲಿ ಶೇ. 95? ಸಾಮಾನ್ಯವಾಗಿ ಓದು ಮುಗಿದು ಮೂರು ತಿಂಗಳಲ್ಲಿ, ಕೆಲಸ ಹುಡುಕುತ್ತಿದ್ದೇವೆ ಅಂದವರಲ್ಲಿ, ಅದರಲ್ಲೂ ಶಾಲೆಗೆ ಮಾಹಿತಿ ಕೊಟ್ಟವರಲ್ಲಿ ಲೆಕ್ಕ ಹಾಕುತ್ತಾರೆ. ಮಾಹಿತಿ ಕೊಡದವರು ಎಷ್ಟು ಅಂತ ಪೂರ್ತಿ ವರದಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಅದನ್ನು ತರಿಸಿಕೊಳ್ಳಿ. ಇಂಡಿಯಾ ಪಾಸ್‌ಪೋರ್ಟ್‌ನವರಲ್ಲಿ ಎಷ್ಟು ಜನರಿಗೆ ಅದೇ ದೇಶದಲ್ಲಿ ಕೆಲಸ ಸಿಕ್ಕಿತು ಅಂತ ಬೇರೆಯಾಗಿ ಕೇಳಿ. ನಿಮ್ಮ ಅಣ್ಣನ ಲೋನ್ ತೀರುವುದು ಆ ಅಂಕಿಯ ಮೇಲೆ.

ಡೆಪಾಸಿಟ್ ಕಟ್ಟುವ ಕೊನೇ ದಿನ ಯಾವಾಗ? ಅದಕ್ಕೆ ಮೊದಲು ಇದೆಲ್ಲ ಕೈಗೆ ಬರಬೇಕು. ಗುರುವಾರ ನಾನು ನಾಪೋಕ್ಲಿಗೆ ಬರುವವನಿದ್ದೇನೆ, ಪಿಡಿಎಫ್ ಪ್ರಿಂಟ್ ತೆಗೆದಿಡಿ.