ಮೋಟೆಡ್ ಸೈಟ್: ಕಂದಕ ಎನ್ನಬೇಕೆ, ಅಗಳು ಎನ್ನಬೇಕೆ?

ಮಧ್ಯಯುಗದ ವೇಲ್ಸ್ ಮತ್ತು ಇಂಗ್ಲೆಂಡಿನ ಹಳ್ಳಿಗಾಡಿನ ಬಗ್ಗೆ ಬರೆಯುವಾಗ ಎದುರಾಗುವ ‘ಮೋಟೆಡ್ ಸೈಟ್’ ಎಂಬ ಪುರಾತತ್ತ್ವದ ಪಾರಿಭಾಷಿಕಕ್ಕೆ ಕನ್ನಡದಲ್ಲಿ ಏನೆನ್ನಬೇಕು ಎಂಬುದು ನನ್ನ ಪ್ರಶ್ನೆ. ಥಟ್ಟನೆ ಹೊಳೆಯುವುದು ‘ಕಂದಕ’. ಆದರೆ ಕಂದಕವೆಂದೊಡನೆ ಕಣ್ಣಿಗೆ ಕಟ್ಟುವುದು ಕೋಟೆ, ಬುರುಜು, ಮುತ್ತಿಗೆ. ಇವು ಹಾಗಲ್ಲ, ಹೆಚ್ಚಾಗಿ 1250ರಿಂದ 1350ರ ನಡುವೆ ಉಳ್ಳವರು ತಮ್ಮ ಮನೆ, ಕಣಜ, ಕೊಟ್ಟಿಗೆಗಳ ಸುತ್ತ ಅಗಲವಾದ ಹಳ್ಳ ತೋಡಿಸಿ ನೀರು ನಿಲ್ಲಿಸಿಕೊಂಡ ನೆಲೆಗಳು. ಕಳ್ಳಕಾಕರ ಭಯ ಇದ್ದಿರಬಹುದಾದರೂ, ಊರಿನೆದುರು ತೋರಿಸಿಕೊಳ್ಳುವ ದೊಡ್ಡಸ್ತಿಕೆಯೇ ಮುಖ್ಯ ಕಾರಣವೆಂಬ ವಾದ ನನಗೆ ಸರಿಯೆನಿಸುತ್ತದೆ.

ಮಾನ್ಮತ್‌ಷೈರಿನ ಲ್ಯಾಂಟಿಲಿಯೊ ಕ್ರಾಸೆನಿ ಬಳಿಯ ಹೆನ್ ಗುರ್ಟ್ ಇದಕ್ಕೆ ಒಳ್ಳೆಯ ನಿದರ್ಶನ. ಲ್ಯಾಂಡಾಫಿನ ಬಿಷಪ್ಪರಿಗೆ ಸೇರಿದ್ದ ಆ ಜಾಗದಲ್ಲಿ ಈಗ ಕಟ್ಟಡವಿಲ್ಲ. ಹುಲ್ಲು ಹಬ್ಬಿದ ಆಯತಾಕಾರದ ನೆಲ, ಅದರ ಸುತ್ತ ಇಂದಿಗೂ ನಿಂತ ನೀರು, ಅಷ್ಟೆ. ಎಷ್ಟೋ ಕಡೆ ನೀರೂ ಬತ್ತಿ, ಉಳುಮೆಗೆ ಅಂಚು ಸವೆದು, ಇಳಿಬಿಸಿಲಿನಲ್ಲಿ ಮಾತ್ರ ಕಾಣುವ ತಗ್ಗಿನ ಗೆರೆಯೊಂದು ಹೊಲದಲ್ಲಿ ಉಳಿದಿರುತ್ತದೆ.

‘ಮೋಟ್’ ಎಂಬುದರ ಹಳೆಯ ಫ್ರೆಂಚ್ ಮೂಲಕ್ಕೆ ದಿಬ್ಬ ಎಂಬ ಅರ್ಥವಿತ್ತು. ಇಂಗ್ಲಿಷಿಗೆ ಬಂದ ಮೇಲೆ ಅದು ದಿಬ್ಬದ ಸುತ್ತಲಿನ ಹಳ್ಳಕ್ಕೆ ಜಾರಿತು. ಮಣ್ಣಿನ ಏರಿಗೂ ಅದು ತಡೆದು ನಿಲ್ಲಿಸಿದ ನೀರಿಗೂ ನಾವು ‘ಕಟ್ಟೆ’ ಎನ್ನುವುದಿಲ್ಲವೆ, ಇದೂ ಅದೇ ಜಾಡು. ವೆಲ್ಷ್ ಭಾಷೆಯ ‘ಫೋಸ್’ ಮಾತ್ರ ಲ್ಯಾಟಿನ್ನಿನಿಂದ ಬಂದ, ನೇರವಾಗಿ ತೋಡಿದ ಹಳ್ಳವನ್ನೇ ಹೇಳುವ ಪದ.

‘ಕಂದಕ’ದ ಹಿಂದೆ ಪರ್ಷಿಯನ್ ಮೂಲದ ‘ಖಂದಕ್’ ಇದ್ದರೆ, ‘ಅಗಳು’ ದ್ರಾವಿಡದ್ದೇ ಪದ. ಹಳಗನ್ನಡದಲ್ಲಿ ‘ಅಗೞ್’ ಎಂದರೆ ತೋಡು ಎಂಬ ಕ್ರಿಯೆಯೂ ಹೌದು, ತೋಡಿದ ಕಾಲುವೆಯೂ ಹೌದು. ತಮಿಳಿನ ‘ಅಗೞಿ’ ಇದರ ನಂಟೇ. ಕೋಟೆಯ ಸುತ್ತಲಿನದಕ್ಕೂ ಈ ಪದ ಸಲ್ಲುತ್ತದೆ, ನಿಜ. ಆದರೂ ಮಲೆನಾಡಿನಲ್ಲಿ ತೋಟದ ಗಡಿಗೆ ತೋಡಿದ ಹಳ್ಳಕ್ಕೂ ‘ಅಗಳ’ ಎನ್ನುವ ರೂಢಿಯಿರುವುದರಿಂದ, ಯುದ್ಧದ ವಾಸನೆಯಿಲ್ಲದ ಈ ನೆಲೆಗಳಿಗೆ ‘ಅಗಳುಸುತ್ತಿನ ಮನೆನೆಲೆ’ ಎಂದರೆ ಹೊಂದೀತೆಂದು ನನ್ನ ಊಹೆ.

ನೀರು ನಿಂತಿದ್ದರೂ ಅದನ್ನು ಅಗಳವೆಂದೇ ಕರೆಯುತ್ತಾರೆಯೇ, ಇಲ್ಲವೇ ಒಣ ಹಳ್ಳಕ್ಕಷ್ಟೇ ಆ ಮಾತು ಸಲ್ಲುತ್ತದೆಯೇ? ಶಿರಸಿ, ಸಾಗರ, ತೀರ್ಥಹಳ್ಳಿಯ ಕಡೆಯವರು ತಮ್ಮ ಊರಿನ ಬಳಕೆಯನ್ನು ತಿಳಿಸಬೇಕೆಂದು ಕೋರುತ್ತೇನೆ.