ಹಾಡಲು ತೊಡಗಿದ ಮೇಲೆ ಜಾರ್ಜ್ ಬೆನ್ಸನ್ ಅವರ ಗಿಟಾರ್ ಹಿಂದೆ ಸರಿಯಿತೇ?

ಪ್ರಶ್ನೆ (ಕೆಜಿಎಫ್, ರಾಬರ್ಟ್‌ಸನ್‌ಪೇಟೆಯಿಂದ)

ಎಲ್ಲರಿಗೂ ನಮಸ್ಕಾರ. ಚಿನ್ನದ ಗಣಿಯಲ್ಲಿ ಕೆಲಸ ಮಾಡುತ್ತಿದ್ದ ನಮ್ಮ ತಂದೆಯವರ ಹಳೆಯ ಕ್ಯಾಸೆಟ್ ಪೆಟ್ಟಿಗೆಯಲ್ಲಿ ಅಮೆರಿಕದ ಜಾಝ್ ಗಿಟಾರ್ ವಾದಕ ಜಾರ್ಜ್ ಬೆನ್ಸನ್ ಅವರ ‘ಬ್ರೀಝಿನ್’ ಸಿಕ್ಕಿತು. ಅದನ್ನು ಕೇಳಿದಾಗಿನಿಂದ ನನಗೆ ಬೇರೆ ಗಿಟಾರ್ ರುಚಿಸುತ್ತಿಲ್ಲ. ಆದರೆ ನನಗೆ ಗಿಟಾರ್ ಕಲಿಸುವ ಮೇಷ್ಟ್ರು, ಬೆನ್ಸನ್ ಹಾಡಿಗೆ ಇಳಿದಂದೇ ಅವರೊಳಗಿನ ಜಾಝ್ ವಾದಕನ ಕಥೆ ಮುಗಿಯಿತು ಎನ್ನುತ್ತಾರೆ. ಇದು ನಿಜವೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಉತ್ತರ 1 (ತುಮಕೂರಿನಿಂದ)

ತಮ್ಮ ಮೇಷ್ಟ್ರ ಮೇಲೆ ಗೌರವವಿಟ್ಟುಕೊಂಡೇ ಹೇಳುತ್ತೇನೆ, ಈ ಮಾತನ್ನು ನಾನು ಒಪ್ಪಲಾರೆ. 1943ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಹುಟ್ಟಿದ ಬೆನ್ಸನ್, ಏಳನೆಯ ವಯಸ್ಸಿಗೇ ಮೂಲೆಯಂಗಡಿಯೊಂದರಲ್ಲಿ ಯುಕುಲೇಲಿ ಎಂಬ ನಾಲ್ಕು ತಂತಿಯ ಪುಟ್ಟ ಗಿಟಾರ್ ನುಡಿಸಿ ಪುಡಿಗಾಸು ಸಂಪಾದಿಸುತ್ತಿದ್ದರು. ಹತ್ತರ ಆಸುಪಾಸಿನಲ್ಲಿ ಅವರ ಮೊದಲ ರೆಕಾರ್ಡ್ ಬಂದಾಗ ಅದರಲ್ಲಿ ಅವರು ಗಾಯಕರಾಗಿದ್ದರು. ಗಿಟಾರ್ ವಾದಕರೆಂಬ ಹೆಸರು ಬಂದದ್ದು ಆಮೇಲೆ. 1960ರ ದಶಕದಲ್ಲಿ ಆರ್ಗನ್ ವಾದಕ ಜ್ಯಾಕ್ ಮ್ಯಾಕ್‌ಡಫ್ ಅವರ ತಂಡದಲ್ಲಿ ಪಳಗಿ, ಒಂದೇ ಸ್ವರವನ್ನು ಎರಡು ಸ್ಥಾಯಿಗಳಲ್ಲಿ ಒಟ್ಟಿಗೆ ನುಡಿಸುವ, ಜಾಝ್ ಗಿಟಾರ್ ವಾದಕ ವೆಸ್ ಮಾಂಟ್ಗೊಮೆರಿ ಅವರ ಕ್ರಮವನ್ನು ಕೈಗೂಡಿಸಿಕೊಂಡು, 1968ರ ಹೊತ್ತಿಗೆ ಪ್ರಸಿದ್ಧ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ಧ್ವನಿಮುದ್ರಿಕೆಯಲ್ಲೂ ನುಡಿಸಿದ್ದರು.

1976ರ ‘ಬ್ರೀಝಿನ್’ನಲ್ಲಿರುವ ಆರು ರಚನೆಗಳಲ್ಲಿ ಹಾಡಿರುವುದು ‘ದಿಸ್ ಮಾಸ್ಕರೇಡ್’ ಒಂದನ್ನೇ. ವರ್ಷದ ಅತ್ಯುತ್ತಮ ರೆಕಾರ್ಡ್ ಎಂಬ ಗ್ರ್ಯಾಮಿ ಬಂದದ್ದೂ ಅದಕ್ಕೇ. ಅದರ ಆರಂಭವನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಸಾಹಿತ್ಯವಿಲ್ಲದೆ, ಬೆರಳು ಮೀಟಿದ ಪ್ರತಿ ಸ್ವರವನ್ನೂ ಕಂಠ ಅದೇ ಕ್ಷಣಕ್ಕೆ ಉಚ್ಚರಿಸುತ್ತದೆ. ಉಸಿರು ನಿಂತಲ್ಲಿ ಗಿಟಾರ್ ಕೂಡ ನಿಲ್ಲುತ್ತದೆ. ನಮ್ಮ ವೀಣೆಯವರು ಕೃತಿಯನ್ನು ಮೊದಲು ಬಾಯಲ್ಲಿ ಪಾಠ ಮಾಡಿಕೊಂಡು ಆಮೇಲೆ ತಂತಿಗೆ ತರುವುದನ್ನು ಬಲ್ಲವರಿಗೆ ಇದು ಹೊಸದೆನಿಸದು. ಗಿಟಾರ್ ಕಡಿಮೆಯಾಗಿದ್ದರೆ ಈ ಜೋಡಿ ನಡೆ ಸಾಧ್ಯವೇ ಇರಲಿಲ್ಲ.

ಉತ್ತರ 2 (ಚಿಂತಾಮಣಿಯಿಂದ)

ಮೇಲಿನವರ ಮಾತು ಸರಿ, ಆದರೂ ಮೇಷ್ಟ್ರ ಕೊರಗು ಪೂರ್ತಿ ಆಧಾರವಿಲ್ಲದ್ದಲ್ಲ. ಕ್ವಿನ್ಸಿ ಜೋನ್ಸ್ ನಿರ್ಮಿಸಿದ 1980ರ ‘ಗಿವ್ ಮಿ ದ ನೈಟ್’ನಲ್ಲಿ ಕಂಠವೇ ಮುಂದಿದೆ, ಗಿಟಾರ್‌ಗೆ ಸಿಕ್ಕಿರುವುದು ನಡುನಡುವಿನ ಜಾಗ ಮಾತ್ರ, ಅದನ್ನು ಕೇಳುವಾಗಲೆಲ್ಲ ಇನ್ನಷ್ಟು ನುಡಿಸಬಾರದಿತ್ತೇ ಎಂದು ನನಗೂ ಅನಿಸುತ್ತದೆ. ಆದರೆ 1990ರಲ್ಲಿ ಅವರು ಕೌಂಟ್ ಬೇಸಿ ಆರ್ಕೆಸ್ಟ್ರಾದೊಂದಿಗೆ ಮತ್ತೆ ಜಾಝ್ ಮುದ್ರಿಕೆ ತಂದರು, 2009ರಲ್ಲಿ ಅಮೆರಿಕ ಸರ್ಕಾರದ ಕಲಾ ಸಂಸ್ಥೆ ಅವರಿಗೆ ಜಾಝ್ ಮಾಸ್ಟರ್ ಗೌರವ ನೀಡಿತು. ಮೇಷ್ಟ್ರಿಗೆ 1978ರಲ್ಲಿ ಬಂದ ‘ಆನ್ ಬ್ರಾಡ್‌ವೇ’ಯ ಕಛೇರಿ ಮುದ್ರಣವನ್ನು ಕೇಳಿಸಿ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ನಿನ್ನೆ ರಾತ್ರಿ ನಾಲ್ಕೇ ಸ್ವರಗಳ ಒಂದು ಪಲುಕನ್ನು ಹಾಡಿಕೊಂಡೇ ನುಡಿಸಲು ಪ್ರಯತ್ನಿಸಿದೆ. ಮೂರನೆಯ ಸ್ವರಕ್ಕೆ ಬರುವಷ್ಟರಲ್ಲಿ ಬೆರಳು ಮುಂದೆ ಓಡಿ, ದನಿ ಹಿಂದೆ ಉಳಿಯುತ್ತಿತ್ತು. ಭಾನುವಾರ ಪಾಠಕ್ಕೆ ಹೋಗುವಾಗ ‘ಆನ್ ಬ್ರಾಡ್‌ವೇ’ಯನ್ನು ಫೋನಿನಲ್ಲಿ ಹಾಕಿಕೊಂಡು ಹೋಗುತ್ತೇನೆ.