ದೇಶ ಶ್ರೀಮಂತವಾದರೆ ಇಂಗಾಲ ತಾನಾಗೇ ಇಳಿಯುತ್ತಾ?

ಪ್ರಶ್ನೆ: ನಮಸ್ಕಾರ ಮೇಡಂ. ಪೀಣ್ಯದಲ್ಲಿ ನಂದೊಂದು ಸಣ್ಣ ಪೌಡರ್ ಕೋಟಿಂಗ್ ಶೆಡ್ ಇದೆ, ಲೋಹದ ಪೀಸಿಗೆ ಪುಡಿ ಬಣ್ಣ ಹಾಕಿ ಗ್ಯಾಸ್ ಓವನ್‌ನಲ್ಲಿ ಕಾಯಿಸ್ತೀವಿ. ಬಿ.ಎ. ಓದ್ತಿರೋ ಮಗಳು ಅವಳ ಪುಸ್ತಕದಲ್ಲಿ ಒಂದು ರೇಖೆ ತೋರಿಸಿದಳು. ಬಡ ದೇಶ ಬೆಳೀತಾ ಮಾಲಿನ್ಯ ಏರುತ್ತಂತೆ, ಒಂದು ಹಂತ ದಾಟಿದ ಮೇಲೆ ಇಳಿಯುತ್ತಂತೆ. ನಮ್ಮ ಶೆಡ್‌ನಲ್ಲಿ ಹಾಗಾಗಿಲ್ಲ. ಹೋದ ವರ್ಷ ಬಿಸಿ ಸೋರದ ಹಾಗೆ ಓವನ್‌ಗೆ ಗ್ಲಾಸ್‌ವುಲ್ ಹೊದಿಸಿದೆ, ಪೀಸಿಗೆ ಖರ್ಚಾಗೋ ಗ್ಯಾಸ್ ಕಮ್ಮಿ ಆಯ್ತು. ಆದ್ರೆ ಆರ್ಡರ್ ಹೆಚ್ಚಾಗಿ, ತಿಂಗಳಿಗೆ ಮೊದಲಿಗಿಂತ ಜಾಸ್ತಿ ಸಿಲಿಂಡರ್ ಬೇಕಾಗ್ತಿದೆ. ಆ ರೇಖೆ ನಿಜವಾ?

ಉತ್ತರ (ಇಂಧನ ಅರ್ಥಶಾಸ್ತ್ರಜ್ಞೆ): ಸರ್, ನಿಮ್ಮ ಶೆಡ್ಡಿನ ಕಥೆಯೇ ದೇಶದ ಕಥೆ. ಜಿಡಿಪಿಯ ಪ್ರತಿ ರೂಪಾಯಿಗೆ ನಾವು ಹೊರಬಿಡೋ ಹಸಿರುಮನೆ ಅನಿಲ 2005ರಿಂದ 2019ರ ಹೊತ್ತಿಗೆ 33% ಇಳಿದಿದೆ ಅಂತ ಭಾರತ ವಿಶ್ವಸಂಸ್ಥೆಗೆ ವರದಿ ಕೊಟ್ಟಿದೆ. 2030ಕ್ಕೆ 45% ಇಳಿಸೋದು ಗುರಿ. ಅದೇ ವರ್ಷಗಳಲ್ಲಿ ಒಟ್ಟು ಲೆಕ್ಕ ಏರ್ತಾನೇ ಹೋಯ್ತು. ಪೀಸಿನ ಲೆಕ್ಕ ಬೇರೆ, ಸಿಲಿಂಡರ್ ಲೆಕ್ಕ ಬೇರೆ. ವಾತಾವರಣಕ್ಕೆ ತಟ್ಟೋದು ಸಿಲಿಂಡರ್ ಲೆಕ್ಕ.

ಮಗಳು ತೋರಿಸಿದ್ದಕ್ಕೆ ಪರಿಸರದ ಕುಜ್ನೆಟ್ಸ್ ರೇಖೆ ಅಂತಾರೆ. 1991ರಲ್ಲಿ ಗ್ರಾಸ್‌ಮನ್ ಮತ್ತು ಕ್ರೂಗರ್ ಅನ್ನೋ ಅರ್ಥಶಾಸ್ತ್ರಜ್ಞರು ಅದನ್ನು ಕಂಡಿದ್ದು ಗಂಧಕದ ಡೈಆಕ್ಸೈಡ್ ಮತ್ತು ಹೊಗೆಯಲ್ಲಿ. ಹೊಗೆ ನಮ್ಮ ಕಣ್ಣು ಉರಿಸುತ್ತೆ, ಮಕ್ಕಳಿಗೆ ಕೆಮ್ಮು ಬರುತ್ತೆ, ಜನ ಗಲಾಟೆ ಮಾಡ್ತಾರೆ, ಸರ್ಕಾರ ಕಾನೂನು ತರುತ್ತೆ. ಇಂಗಾಲದ ಡೈಆಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಪೀಣ್ಯದಲ್ಲಿ ಬಿಟ್ಟಿದ್ದು ಇಡೀ ಭೂಮಿಗೆ ಹರಡುತ್ತೆ. ಅದಕ್ಕೇ ಆ ತಿರುವು ತಾನಾಗಿ ಬರೋದನ್ನು ಕಾಯ್ತಾ ಕೂರೋಕಾಗಲ್ಲ. ಬ್ರಿಟನ್ 2024ರಲ್ಲಿ ತನ್ನ ಕೊನೇ ಕಲ್ಲಿದ್ದಲು ವಿದ್ಯುತ್ ಸ್ಥಾವರ ಮುಚ್ಚಿತು. ಅದು ಹೊರಬಿಡೋ ಇಂಗಾಲಕ್ಕೆ ದುಡ್ಡು ಕಟ್ಟಿಸಿ, ಹಠ ಹಿಡಿದು ಮಾಡಿದ ಕೆಲಸ.

ಇನ್ನೊಬ್ಬರು: ಹಾಗಾದ್ರೆ ನಾವು ಬೆಳೆಯೋದೇ ತಪ್ಪಾ ಮೇಡಂ?

ಉತ್ತರ: ಖಂಡಿತ ಅಲ್ಲ. ವರ್ಷಕ್ಕೆ ಒಬ್ಬ ಭಾರತೀಯನ ಪಾಲಿನ ಇಂಗಾಲದ ಡೈಆಕ್ಸೈಡ್ ಸುಮಾರು 2 ಟನ್, ಅಮೆರಿಕದವನದ್ದು ಸುಮಾರು 14. ನಮಗೆ ಇನ್ನೂ ಕರೆಂಟ್ ಬೇಕು, ಮನೆ ಬೇಕು, ಬಸ್ಸು ಬೇಕು. ನನಗೆ ಕಳವಳ ಇರೋದು ಈ ದಶಕದಲ್ಲಿ ಕಟ್ಟೋದರ ಬಗ್ಗೆ. ಇವತ್ತು ಶುರುವಾದ ಕಲ್ಲಿದ್ದಲು ಸ್ಥಾವರ ಮೂವತ್ತು ನಲವತ್ತು ವರ್ಷ ಉರಿಯುತ್ತೆ. ನಮ್ಮ ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಇದೆ. ಆದ್ರೆ ಸಂಜೆ ಎಲ್ಲರ ಮನೆ ದೀಪ ಹತ್ತೋ ಹೊತ್ತಿಗೆ ಅದು ಮಲಗಿರುತ್ತೆ, ರಾಯಚೂರು, ಬಳ್ಳಾರಿಯ ಕಲ್ಲಿದ್ದಲು ಸ್ಥಾವರಗಳನ್ನೂ ನೆಚ್ಚಬೇಕಾಗುತ್ತೆ. ಹಗಲಿನ ಕರೆಂಟನ್ನು ಸಂಜೆಗೆ ಕೂಡಿಡೋದಕ್ಕೆ ಮೊದಲು ದುಡ್ಡು ಹಾಕಬೇಕು ಅನ್ನೋದು ನನ್ನ ಬಲವಾದ ಅಭಿಪ್ರಾಯ.

ಪ್ರಶ್ನೆ ಕೇಳಿದವರು: ಅರ್ಥ ಆಯ್ತು ಮೇಡಂ. ನಮ್ಮ ಕೈಲಿ ಆಗೋದು ಏನಾದ್ರೂ ಇದ್ಯಾ?

ಉತ್ತರ: ಗ್ಲಾಸ್‌ವುಲ್ ಹಾಕಿಸಿದ್ದು ಒಳ್ಳೇದಾಯ್ತು. ಈಗ ಓವನ್ ಬಾಗಿಲಿನ ಸುತ್ತ ಇರೋ ಪಟ್ಟಿ ಸವೆದಿದ್ಯಾ ನೋಡಿ. ಅಲ್ಲಿಂದಲೂ ಬಿಸಿ ಸೋರುತ್ತೆ. ಅರ್ಧ ಲೋಡಿಗೆ ಓವನ್ ಹಚ್ಚಬೇಡಿ, ಎರಡು ಆರ್ಡರ್ ಕೂಡಿಸಿ ಹಾಕಿ. ಶೆಡ್ಡಿನ ಮೇಲಿನ ಶೀಟು ಸೋಲಾರ್ ಫಲಕದ ಭಾರ ತಡೆಯುತ್ತೆ ಅಂತ ಇಂಜಿನಿಯರ್ ಹೇಳಿದರೆ ಸೋಲಾರ್ ಆಮೇಲೆ ಮಾಡಿಸೋಣ.